ಎರಡು ಹಿಡಿಗಳ ಪಾತ್ರೆ

ಸುಮಾರು 1900 ವರ್ಷಗಳ ಹಿಂದಿನ ಮಾತು. ಗ್ರೀಸಿನ ಪಶ್ಚಿಮದಲ್ಲಿರುವ ನಿಕೊಪೊಲಿಸ್ ಎಂಬ ಊರಿನಲ್ಲಿ ಒಬ್ಬ ಗುರು ಪಾಠಶಾಲೆ ನಡೆಸುತ್ತಿದ್ದ. ಕಾಲು ಕುಂಟು. ಮನೆಯಲ್ಲಿ ಸಾಮಾನು ಹೆಚ್ಚಿಲ್ಲ. ಮನೆದೇವರ ಪಕ್ಕದಲ್ಲಿ ಒಂದು ಕಬ್ಬಿಣದ ದೀಪ ಮಾತ್ರ ಸ್ವಲ್ಪ ಬೆಲೆ ಬಾಳುವಂಥದ್ದು. ಒಂದು ರಾತ್ರಿ ಕಿಟಕಿಯ ಹತ್ತಿರ ಸದ್ದಾಯಿತು. ಇಳಿದು ಬಂದು ನೋಡಿದರೆ ದೀಪ ಇಲ್ಲ! ಆತ ಶಿಷ್ಯರಿಗೆ ಹೇಳಿದ್ದಿಷ್ಟು: ನಾಳೆ ಮಣ್ಣಿನ ದೀಪ ತಂದರಾಯಿತು, ಇದ್ದವನು ತಾನೆ ಕಳೆದುಕೊಳ್ಳುವುದು. ಎಚ್ಚರವಾಗಿರುವುದರಲ್ಲಿ ಕಳ್ಳ ನನ್ನನ್ನು ಮೀರಿಸಿದ. ಆದರೆ ಪಾಪ, ಒಂದು ದೀಪಕ್ಕೆ ಅವನು ಕೊಟ್ಟ ಬೆಲೆ ದುಬಾರಿಯಾಯಿತು, ಅದಕ್ಕಾಗಿ ಕಳ್ಳನಾಗಬೇಕಾಯಿತು.

ಆ ಗುರುವಿನ ಹೆಸರು ಎಪಿಕ್ಟೆಟಸ್. ಕಥೆಗೆ ಒಂದು ಬಾಲವೂ ಇದೆ. ಆತ ತೀರಿಕೊಂಡ ಮೇಲೆ ಯಾರೋ ಒಬ್ಬ ಸಾಹುಕಾರ ಅದೇ ಮಣ್ಣಿನ ದೀಪವನ್ನು 3000 ಡ್ರಾಕ್ಮಾ ಕೊಟ್ಟು ಕೊಂಡನಂತೆ. ರಾತ್ರಿ ಆ ದೀಪದ ಬೆಳಕಿನಲ್ಲಿ ಓದಿದರೆ ಎಪಿಕ್ಟೆಟಸನ ವಿವೇಕ ತನಗೂ ತಾನಾಗಿ ಬಂದುಬಿಡುತ್ತದೆ ಎಂಬ ಆಸೆ! ಲೂಸಿಯನ್ ಎಂಬ ಹಾಸ್ಯಗಾರ ಲೇಖಕ ಇದನ್ನು ಬರೆದಿಟ್ಟು ಚೆನ್ನಾಗಿ ಗೇಲಿ ಮಾಡಿದ್ದಾನೆ.

ಈ ಗೇಲಿ ನಮಗೂ ಸಲ್ಲುತ್ತದೆ. ಕಷ್ಟ ಬಂದಾಗ ತತ್ತ್ವದ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟುಕೊಂಡರೆ ಕಷ್ಟ ಹೋಗುತ್ತದೆಯೇ? ಹೋಗುವುದಿಲ್ಲ. ಹಾಗಾದರೆ ಯಾಕೆ ಓದಬೇಕು? ಎರಡು ವರ್ಷಗಳಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ನನಗೆ ಈ ಪ್ರಶ್ನೆಯೊಂದಿಗೆ ಕೂರುವ ಅವಕಾಶ ಸಿಕ್ಕಿದೆ. ಅಮ್ಮನಿಗೆ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಅವಳು ಒಳಗೆ ಯಂತ್ರದ ಪಕ್ಕ ಮಲಗಿರುತ್ತಾಳೆ, ನಾನು ಹೊರಗೆ ಬೆಂಚಿನ ಮೇಲೆ. ಮೊಬೈಲ್ ನೋಡಿ ನೋಡಿ ಕಣ್ಣು ಉರಿ ಬಂದ ಮೇಲೆ ಒಂದು ದಿನ ಚೀಲಕ್ಕೆ ಹಾಕಿಕೊಂಡ ಪುಸ್ತಕ, ಎಪಿಕ್ಟೆಟಸನ ಮಾತುಗಳ ಇಂಗ್ಲಿಷ್ ಅನುವಾದ. ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡದ್ದು. ಅದನ್ನೇ ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನಿಲ್ಲ. ತೆಳ್ಳಗಿತ್ತು, ಅಮ್ಮನ ಫೈಲಿನ ಪಕ್ಕ ಹಿಡಿಸುತ್ತಿತ್ತು.

ಎಪಿಕ್ಟೆಟಸ್ ಹುಟ್ಟಿದ್ದು ಸುಮಾರು ಕ್ರಿ.ಶ. 50ರಲ್ಲಿ, ಈಗಿನ ಟರ್ಕಿ ದೇಶದ ಹೈರಾಪೊಲಿಸ್‌ನಲ್ಲಿ. ಹುಟ್ಟಿನಿಂದ ಸ್ವಾತಂತ್ರ್ಯವಿಲ್ಲ, ಗುಲಾಮ. ಆತನ ಹೆಸರಿನ ಅರ್ಥವೇ ‘ಸಂಪಾದಿಸಿಕೊಂಡದ್ದು’ ಎಂದು. ಅಂದರೆ ಯಜಮಾನನ ಆಸ್ತಿಪಟ್ಟಿಯಲ್ಲಿ ಒಂದು ಸಾಮಾನು. ರೋಮಿನಲ್ಲಿ ನೀರೋ ಚಕ್ರವರ್ತಿಯ ಕಾರ್ಯದರ್ಶಿಯೊಬ್ಬ ಆತನ ಒಡೆಯ. ಗುಲಾಮನಾಗಿದ್ದಾಗಲೇ ಮುಸೋನಿಯಸ್ ರೂಫಸ್ ಎಂಬ ಗುರುವಿನ ಪಾಠ ಕೇಳಿದ. ಆಮೇಲೆ ಬಿಡುಗಡೆ ಸಿಕ್ಕಿತು. ಮುಂದೆ ಡೊಮಿಷಿಯನ್ ಎಂಬ ಚಕ್ರವರ್ತಿ ತತ್ತ್ವಜ್ಞಾನಿಗಳನ್ನೆಲ್ಲ ರೋಮಿನಿಂದ ಓಡಿಸಿದಾಗ ನಿಕೊಪೊಲಿಸ್‌ಗೆ ಬಂದು ಶಾಲೆ ತೆರೆದ. ಆತ ತಾನಾಗಿ ಒಂದು ಅಕ್ಷರ ಬರೆಯಲಿಲ್ಲ. ಪಾಠವನ್ನು ಬರೆದುಕೊಂಡವನು ಅರಿಯನ್ ಎಂಬ ಶಿಷ್ಯ. ಆ ದೊಡ್ಡ ಬರಹದಿಂದ ಸಾರ ತೆಗೆದು ಮಾಡಿದ 53 ಸಣ್ಣ ಸಣ್ಣ ಭಾಗಗಳ ಪುಸ್ತಕಕ್ಕೆ ಗ್ರೀಕಿನಲ್ಲಿ ‘ಎಂಕೈರಿಡಿಯನ್’ ಎಂದು ಹೆಸರು. ಕೈಯೊಳಗೆ ಇರುವಂಥದ್ದು ಎಂದರ್ಥ. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಬಾಕಿಗೂ ಗ್ರೀಕರು ಇದೇ ಪದ ಬಳಸುತ್ತಿದ್ದರಂತೆ. ನಮ್ಮ ಕನ್ನಡದಲ್ಲಿ ಇದಕ್ಕೆ ಹುಡುಕಾಟವೇ ಬೇಡ; ‘ಕೈಪಿಡಿ’ ಎಂಬ ಪದ ಸಿದ್ಧವಾಗಿದೆ.

ಕೈಪಿಡಿಯ ಮೊದಲ ಭಾಗವೇ ಇಡೀ ಪುಸ್ತಕದ ಬೇರು. ಕೆಲವು ಸಂಗತಿಗಳು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ನಮ್ಮ ಅಭಿಪ್ರಾಯ, ನಾವು ಬಯಸುವುದು, ಬೇಡವೆನ್ನುವುದು, ಮಾಡಹೊರಡುವುದು ಇವು ನಮ್ಮವು. ದೇಹ, ಆಸ್ತಿ, ಹೆಸರು, ಹುದ್ದೆ ನಮ್ಮವಲ್ಲ. ಎರಡನೆಯದನ್ನು ಮೊದಲನೆಯದೆಂದು ತಿಳಿದವನಿಗೆ ಅಳು ತಪ್ಪಿದ್ದಲ್ಲ.

ಓದುವಾಗ ಇದು ಸುಲಭ. ಎಲ್ಲೋ ಕೇಳಿದ ಹಾಗೂ ಇದೆ. ನಮ್ಮಲ್ಲಿ ಗೀತೆ ಗೊತ್ತಿರುವವರು ‘ಇದು ನಮ್ಮದೇ ಅಲ್ಲವೇ’ ಎನ್ನುತ್ತಾರೆ. ಕರ್ಮ ಮಾತ್ರ ನಿನ್ನದು, ಫಲ ನಿನ್ನದಲ್ಲ ಎಂಬ ಮಾತಿಗೆ ಇದು ಹತ್ತಿರದ್ದು, ನಿಜ. ಎರಡೂ ಒಂದೇ ಎಂದು ನಾನು ಹೇಳಲಾರೆ. ಅಲ್ಲಿ ಯುದ್ಧಭೂಮಿಯಲ್ಲಿ ದೇವರು ಮಾತಾಡುತ್ತಾನೆ. ಇಲ್ಲಿ ಹಿಂದೆ ಗುಲಾಮನಾಗಿದ್ದ ಮೇಷ್ಟ್ರು ತರಗತಿಯಲ್ಲಿ ಹುಡುಗರ ಕಿವಿ ಹಿಂಡುತ್ತಾನೆ. ಬೆಂಚಿನ ಮೇಲೆ ಕೂತ ನನಗೆ ಆ ಹೊತ್ತಿಗೆ ಮೇಷ್ಟ್ರ ದನಿಯೇ ಹಿಡಿಸಿತು.

ಒಂದು ನೋಟ್‌ಬುಕ್ಕಿನ ನಡುವೆ ಗೆರೆ ಎಳೆದೆ. ‘ಕೈಯಲ್ಲಿಲ್ಲ’ ಎಂಬ ಬದಿಯಲ್ಲಿ ಬರೆದವು: ಅಮ್ಮನ ಕಿಡ್ನಿ, ಮುಂದಿನ ರಕ್ತಪರೀಕ್ಷೆಯ ಅಂಕಿ, ಯಂತ್ರ ಖಾಲಿಯಾಗುವ ಹೊತ್ತು, ಆಸ್ಪತ್ರೆಯ ಬಿಲ್ಲು, ಅಣ್ಣ ಫೋನ್ ಮಾಡುತ್ತಾನೋ ಇಲ್ಲವೋ. ‘ಕೈಯಲ್ಲಿದೆ’ ಎಂಬ ಬದಿಯಲ್ಲಿ: ಬೆಳಿಗ್ಗೆ ಆರೂವರೆಗೆ ಹೊರಡುವುದು, ಫೈಲು ಕ್ರಮವಾಗಿಡುವುದು, ಸಾರಿಗೆ ಉಪ್ಪು ಕಡಿಮೆ ಹಾಕುವುದು, ಸೂಜಿ ಎಲ್ಲಿ ಚುಚ್ಚುತ್ತಾರೆಂದು ಕೇಳಿಕೊಳ್ಳುವುದು, ನನ್ನ ದನಿ. ಕೊನೆಯದನ್ನು ಬರೆಯುವಾಗ ಸ್ವಲ್ಪ ಯೋಚಿಸಿದೆ. ನಿದ್ದೆಗೆಟ್ಟ ಬೆಳಗಿನಲ್ಲಿ ‘ಅಮ್ಮಾ, ಬೇಗ ಬಾ’ ಎಂಬ ಮೂರು ಪದಗಳನ್ನು ಹೇಗೆ ಹೇಳುತ್ತೇನೆ ಎಂಬುದು ಯಂತ್ರದ ಮೇಲೂ ಇಲ್ಲ, ಅಣ್ಣನ ಮೇಲೂ ಇಲ್ಲ.

ಕೈಯಲ್ಲಿಲ್ಲ ಎಂದರೆ ಕೈ ಕಟ್ಟಿ ಕೂರುವುದು ಎಂದು ಯಾರಾದರೂ ತಿಳಿದರೆ ಅದು ತಪ್ಪು ತಿಳಿವಳಿಕೆ. ಪ್ರಶ್ನೆ ಕೇಳುವುದು ಕೈಯಲ್ಲಿದೆ. ಎರಡನೇ ಸಲ ಕೇಳುವುದೂ ಇದೆ. ಸಿಗುವ ಉತ್ತರ ಮಾತ್ರ ಇಲ್ಲ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ತೋಳಿನಲ್ಲಿ ಒಂದು ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಹೊಲಿದಿರುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ರಕ್ತದ ಓಟ ‘ಝುಂ’ ಎಂದು ತಿಳಿಯುತ್ತದೆ, ತಂಬೂರಿಯ ತಂತಿ ಮುಟ್ಟಿದ ಹಾಗೆ. ದಿನವೂ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಮುಟ್ಟಿ ನೋಡಬೇಕು. ಕಳೆದ ವರ್ಷ ಒಂದು ದಿನ ಬೆಳಗಿನ ಜಾವ ಅಮ್ಮ ನನ್ನನ್ನು ಎಬ್ಬಿಸಿ ತೋಳು ಚಾಚಿದಳು. ಬೆರಳಿಟ್ಟೆ. ಸದ್ದಿಲ್ಲ. ಇನ್ನೊಂದು ಕಡೆ ಇಟ್ಟೆ. ಅಲ್ಲೂ ಇಲ್ಲ. ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗಿತ್ತು.

ಆ ಹೊತ್ತಿನಲ್ಲಿ ಪುಸ್ತಕದ ಯಾವ ಮಾತೂ ನೆನಪಿಗೆ ಬರಲಿಲ್ಲ. ನೆನಪಾದದ್ದು ನೋಟ್‌ಬುಕ್ಕಿನ ಗೆರೆ. ತೋಳಿನೊಳಗಿನ ಝೇಂಕಾರ ಗೆರೆಯ ಆಚೆ. ಈಚೆ ಏನಿದೆ? ಆಟೋದವರ ನಂಬರ್ ಇದೆ. ಫೈಲು ಇದೆ. ಅಮ್ಮನ ಶಾಲು ಇದೆ. ಐದೂಕಾಲಿಗೆ ಮನೆ ಬಿಟ್ಟೆವು. ಆ ತೋಳನ್ನು ಉಳಿಸಲಾಗಲಿಲ್ಲ. ಕುತ್ತಿಗೆಗೆ ತಾತ್ಕಾಲಿಕ ಕೊಳವೆ ಹಾಕಿದರು, ಬಲಗೈಯಲ್ಲಿ ಹೊಸ ಫಿಸ್ಟುಲಾ ಮಾಡಿದರು. ಅದು ಬಲಿತು ಸೂಜಿಗೆ ಸಿದ್ಧವಾಗುವವರೆಗೆ ವಾರಗಟ್ಟಲೆ ಕಾಯಬೇಕು. ನಾವೂ ಕಾಯ್ದೆವು. ತತ್ತ್ವಶಾಸ್ತ್ರ ಅಂದು ನನಗೆ ಮಾಡಿದ ಉಪಕಾರ ಇಷ್ಟೇ: ಮುಂದಿನ ಕೆಲಸ ಯಾವುದು ಎಂದು ತೋರಿಸಿತು. ಅಳು ಬರಲಿಲ್ಲ ಎಂದಲ್ಲ. ಆಟೋದಲ್ಲಿ ಬಂತು. ಅಷ್ಟು ಹೊತ್ತಿಗೆ ಆಟೋದಲ್ಲಿದ್ದೆವು.

ಕೈಪಿಡಿಯಲ್ಲಿ ನನಗೆ ಜೀರ್ಣವಾಗದ ಒಂದು ಭಾಗವೂ ಇದೆ. ನಿನಗೊಂದು ಹೂಜಿ ಇಷ್ಟವಾದರೆ, ನನಗೆ ಇಷ್ಟವಾದದ್ದು ಒಂದು ಹೂಜಿ ಎಂದುಕೋ, ಒಡೆದಾಗ ಕಂಗೆಡುವುದಿಲ್ಲ. ಮಗುವಿಗೆ ಮುತ್ತಿಡುವಾಗಲೂ ಹೆಂಡತಿಗೆ ಮುತ್ತಿಡುವಾಗಲೂ, ಸಾಯುವ ಜೀವಕ್ಕೆ ಮುತ್ತಿಡುತ್ತಿದ್ದೇನೆ ಎಂದುಕೋ. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಬಿಟ್ಟೆ. ಅಮ್ಮ ಹೂಜಿಯೇ? ಒಡೆದರೆ ಇನ್ನೊಂದು ತರಲು ಆಗುತ್ತದೆಯೇ? ಇದು ಕಲ್ಲಿನ ಮಾತು ಅನ್ನಿಸಿತು.

ಆಮೇಲೆ ಎರಡು ಸಂಗತಿ ತಿಳಿಯಿತು. ಒಂದು, ಮದುವೆಯಿಲ್ಲದೆ ಒಂಟಿಯಾಗಿ ಬಾಳಿದ ಎಪಿಕ್ಟೆಟಸ್ ಮುಪ್ಪಿನಲ್ಲಿ ಒಂದು ಮಗುವನ್ನು ಮನೆಗೆ ತಂದು ಸಾಕಿದ. ಸಾಕಲಾರದೆ ಗೆಳೆಯನೊಬ್ಬ ಬಿಟ್ಟುಬಿಡಲಿದ್ದ ಮಗು ಅದು. ಕಲ್ಲಿನ ಮನುಷ್ಯ ಆ ವಯಸ್ಸಿನಲ್ಲಿ ಮಗುವಿನ ಉಸಾಬರಿಗೆ ಹೋಗುತ್ತಾನೆಯೇ?

ಇನ್ನೊಂದು ಸಂಗತಿ ಮಾರ್ಕಸ್ ಅರೀಲಿಯಸನದು. ಆತ ಕ್ರಿ.ಶ. 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ಆತನ ಕಾಲದಲ್ಲಿ ಸಾಮ್ರಾಜ್ಯದ ತುಂಬ ಮಹಾಮಾರಿ ಹಬ್ಬಿತು. ಡ್ಯಾನ್ಯೂಬ್ ನದಿಯ ಗಡಿಯಲ್ಲಿ ವರ್ಷಗಟ್ಟಲೆ ಯುದ್ಧ. ಹನ್ನೆರಡಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು. ಹೆಚ್ಚಿನವರು ಚಿಕ್ಕಂದಿನಲ್ಲೇ ತೀರಿಕೊಂಡರು. ಎಪಿಕ್ಟೆಟಸನ ಪಾಠಗಳ ಪ್ರತಿಯನ್ನು ರಸ್ಟಿಕಸ್ ಎಂಬ ಹಿರಿಯ ತನ್ನ ಮನೆಯ ಪುಸ್ತಕಗಳಿಂದ ತೆಗೆದುಕೊಟ್ಟದ್ದನ್ನು ಮಾರ್ಕಸ್ ಕೃತಜ್ಞತೆಯಿಂದ ನೆನೆದಿದ್ದಾನೆ. ನೋಡಿ, ಒಬ್ಬ ಗುಲಾಮನ ಮಾತು ಒಬ್ಬ ಚಕ್ರವರ್ತಿಗೆ ಊರುಗೋಲಾಯಿತು! ಆ ಚಕ್ರವರ್ತಿ ರಾಜ್ಯಭಾರದ ನಡುವೆ, ದಂಡಿನ ಬಿಡಾರದಲ್ಲೂ ಕೂತು ಬರೆದುಕೊಂಡ ಟಿಪ್ಪಣಿಗಳು ಇಂದಿಗೂ ಉಳಿದಿವೆ. ಮಗುವಿಗೆ ಮುತ್ತಿಡುವ ಆ ಕಠಿಣ ಮಾತನ್ನೂ ಆತ ಅದರಲ್ಲಿ ಬರೆದುಕೊಂಡಿದ್ದಾನೆ. ಮಕ್ಕಳನ್ನು ಒಬ್ಬೊಬ್ಬರಾಗಿ ಮಣ್ಣು ಮಾಡಿದ ತಂದೆಯ ಕೈಬರಹ ಅದು ಎಂದು ತಿಳಿದ ಮೇಲೆ ನನಗೆ ಆ ಮಾತು ಬೇರೆಯಾಗಿ ಕೇಳಿಸಿತು. ಪ್ರೀತಿ ಕಡಿಮೆ ಮಾಡು ಎಂದು ಅದು ಹೇಳುತ್ತಿಲ್ಲ. ಮುತ್ತಿಡುವಾಗ ಮನಸ್ಸು ಬೇರೆಲ್ಲೂ ಇರದಿರಲಿ ಎನ್ನುತ್ತಿದೆ. ಅಮ್ಮನಿಗೆ ತಲೆ ಬಾಚುವಾಗ ನಾನು ಈಗ ಫೋನನ್ನು ಒಳಕೋಣೆಯಲ್ಲಿ ಇಟ್ಟು ಬರುತ್ತೇನೆ. ಆದರೂ ಆ ಭಾಗದೊಂದಿಗೆ ನನ್ನ ಜಗಳ ಪೂರ್ತಿ ಮುಗಿದಿಲ್ಲ. ಮುಗಿಯಬೇಕೆಂದೂ ಇಲ್ಲ.

ಮಾರ್ಕಸನ ಆ ಪುಸ್ತಕಕ್ಕೆ ಗ್ರೀಕಿನಲ್ಲಿ ಇರುವ ಹೆಸರಿನ ಅರ್ಥ ‘ತನಗೆ ತಾನೇ’ ಎಂದು. ಪ್ರಕಟಿಸಲು ಬರೆದದ್ದಲ್ಲ, ಪ್ರಜೆಗಳಿಗೆ ಹೊರಡಿಸಿದ ಆಜ್ಞೆಯೂ ಅಲ್ಲ. ಸಹಿಸು, ಸಿಟ್ಟಾಗಬೇಡ, ಬೆಳಿಗ್ಗೆ ಹಾಸಿಗೆ ಬಿಟ್ಟೇಳು ಎಂದು ಆತ ಹೇಳಿಕೊಂಡದ್ದೆಲ್ಲ ತನಗೇ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಕಷ್ಟಕಾಲದ ತತ್ತ್ವ ನಮಗೆ ನಾವು ಹೇಳಿಕೊಳ್ಳುವಂಥದ್ದು. ಅದೇ ಮಾತನ್ನು ಹಾಸಿಗೆಯಲ್ಲಿರುವ ಇನ್ನೊಬ್ಬರಿಗೆ ಹೇಳಿದರೆ ಔಷಧ ಹೋಗಿ ಪೆಟ್ಟಾಗುತ್ತದೆ.

ನಮ್ಮ ಮನೆಗೆ ಬಂದ ಹಿರಿಯರೊಬ್ಬರು ಕಾಫಿ ಕುಡಿಯುತ್ತ ಅಮ್ಮನಿಗೆ ಅರ್ಧ ಗಂಟೆ ಉಪದೇಶ ಮಾಡಿದರು. ದೇಹ ನಶ್ವರ, ಎಲ್ಲ ಪ್ರಾರಬ್ಧ, ಬಂದದ್ದನ್ನು ಅನುಭವಿಸಬೇಕು, ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅಮ್ಮ ತಲೆಯಾಡಿಸುತ್ತ ಕೇಳಿದಳು. ಅವರು ಹೋದ ಮೇಲೆ ಲೋಟ ತೆಗೆಯುತ್ತಿದ್ದ ನನಗೆ ಹೇಳಿದಳು: “ಅವರು ಹೇಳಿದ್ದೆಲ್ಲ ಸರಿಯಾಗೇ ಇದೆ ಕಣೇ. ಸೂಜಿ ಚುಚ್ಚೋದು ಮಾತ್ರ ನನ್ನ ಕೈಗೆ.”

ಕೈಪಿಡಿಯಲ್ಲಿ ಇದಕ್ಕೂ ಒಂದು ಭಾಗವಿದೆ ಎಂಬುದು ನನಗೆ ಸಂತೋಷ ಕೊಟ್ಟ ಸಂಗತಿ. ಓದಿದ ತತ್ತ್ವವನ್ನು ಜನರ ಮುಂದೆ ಹರಡಬೇಡ ಎನ್ನುತ್ತಾನೆ ಎಪಿಕ್ಟೆಟಸ್. ಕುರಿಗಳು ತಾವೆಷ್ಟು ಮೇಯ್ದೆವೆಂದು ತೋರಿಸಲು ಹುಲ್ಲನ್ನು ತಂದು ಕುರುಬನ ಮುಂದೆ ಸುರಿಯುವುದಿಲ್ಲ. ಒಳಗೇ ಅರಗಿಸಿಕೊಂಡು ಹೊರಗೆ ಉಣ್ಣೆ, ಹಾಲು ಕೊಡುತ್ತವೆ. ಇನ್ನೊಂದು ಕಡೆ, ಅಳುತ್ತಿರುವವನನ್ನು ಕಂಡರೆ ಅವನಿಗೆ ಸಮಾಧಾನದ ಮಾತಾಡಲು, ಬೇಕಾದರೆ ಅವನ ಜೊತೆ ನಿಟ್ಟುಸಿರು ಬಿಡಲು ಹಿಂಜರಿಯಬೇಡ ಎಂದೂ ಹೇಳಿದ್ದಾನೆ. ಒಳಗೆ ಮಾತ್ರ ಕುಸಿಯಬೇಡ ಎಂಬ ಎಚ್ಚರಿಕೆ ಅದರ ಜೊತೆಗಿದೆ.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಹುಲ್ಲು ಮೇಯ್ದವಳು ನಾನು, ಹಾಲು ಕೊಡುತ್ತಿರುವವಳು ಅಮ್ಮ. ಅವಳಿಗೆ ವೈದ್ಯರು ದಿನಕ್ಕೆ ಒಂದು ಲೀಟರ್ ದ್ರವ ಎಂದು ಗೊತ್ತುಮಾಡಿದ್ದಾರೆ. ಕಾಫಿ, ಸಾರು, ಮಾತ್ರೆಗೆ ಕುಡಿಯುವ ನೀರು ಎಲ್ಲ ಸೇರಿ ಒಂದು ಲೀಟರ್. ಪೊಟ್ಯಾಸಿಯಂ ಜಾಸ್ತಿಯಾಗುತ್ತದೆಂದು ಎಳನೀರು, ಬಾಳೆಹಣ್ಣು ಬಂದ್. ಬೆಳಿಗ್ಗೆ ಒಂದು ಲೀಟರಿನ ಬಾಟಲಿಗೆ ನೀರು ತುಂಬಿಡುತ್ತಾಳೆ. ಒಂದು ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಒಂದು ಲೋಟ ನೀರು ತುಳಸಿಗೆ. ಸಂಜೆ ಬಾಟಲಿಯಲ್ಲಿ ಉಳಿದದ್ದನ್ನು ನೋಡಿ, ರಾತ್ರಿಗೆ ಇಷ್ಟು ಎಂದು ಎಣಿಸಿಕೊಳ್ಳುತ್ತಾಳೆ. ಬೇಸಿಗೆಯ ಬಿಸಿಲಿನಲ್ಲೂ ಹೀಗೇ. ಎಪಿಕ್ಟೆಟಸನ ಹೆಸರು ಅವಳಿಗೆ ಉಚ್ಚರಿಸಲೂ ಬರುವುದಿಲ್ಲ. ‘ನಿನ್ನ ಕುಂಟ ಮೇಷ್ಟ್ರು ಇವತ್ತೇನಂದ್ರು?’ ಎಂದು ಕೇಳುತ್ತಾಳೆ.

ದೂರದ ಒಂದು ನಿದರ್ಶನ ಹೇಳಿಬಿಡುತ್ತೇನೆ. ಜೇಮ್ಸ್ ಸ್ಟಾಕ್‌ಡೇಲ್ ಎಂಬ ಅಮೆರಿಕದ ನೌಕಾಪಡೆಯ ವಿಮಾನ ಚಾಲಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಪ್ರಾಧ್ಯಾಪಕರೊಬ್ಬರು ಇದೇ ಕೈಪಿಡಿಯನ್ನು ಉಡುಗೊರೆಯಾಗಿ ಕೊಟ್ಟರು. 1965ರ ಸೆಪ್ಟೆಂಬರ್ 9ರಂದು ಉತ್ತರ ವಿಯೆಟ್ನಾಮಿನ ಮೇಲೆ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಕಾಲು ಮುರಿಯಿತು. ಏಳು ವರ್ಷಕ್ಕೂ ಹೆಚ್ಚು ಸೆರೆ, ಅದರಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಒಂಟಿ ಕೋಣೆ. 1973ರಲ್ಲಿ ಬಿಡುಗಡೆ. ಕೈಯಲ್ಲಿ ಪುಸ್ತಕವಿರಲಿಲ್ಲ, ತಲೆಯಲ್ಲಿತ್ತು. ಅದು ತನ್ನನ್ನು ಉಳಿಸಿತು ಎಂದು ಅವರು ಮುಂದೆ ಬರೆದರು. ಯುದ್ಧದ ಸರಿತಪ್ಪು ಬೇರೆ ವಿಚಾರ. ನನಗೆ ಮುಖ್ಯವೆನಿಸಿದ್ದು ಇದು: ಆ ಕೈದಿಗಳು ಗೋಡೆ ಕುಟ್ಟಿ ಮಾತಾಡಿಕೊಳ್ಳುತ್ತಿದ್ದರು. ಐದು ಸಾಲು, ಐದು ಕಂಬಗಳ ಅಕ್ಷರಮನೆ. ಸಾಲಿಗೆ ಇಷ್ಟು ಕುಟ್ಟು, ಕಂಬಕ್ಕೆ ಇಷ್ಟು ಕುಟ್ಟು. ಕೈಯಲ್ಲಿ ಬೇರೇನೂ ಉಳಿಯದಿದ್ದಾಗಲೂ ಪಕ್ಕದ ಕೋಣೆಯವನಿಗೆ ‘ನಾನಿದ್ದೇನೆ’ ಎಂದು ತಿಳಿಸುವುದು ಅವರ ಕೈಯಲ್ಲಿತ್ತು.

ಮನೆಮಂದಿ ಒಟ್ಟಿಗೆ ಓದಲೆಂದು ಕೈಪಿಡಿಯಿಂದ ಒಂದೇ ಭಾಗ ಆರಿಸು ಎಂದರೆ ನಾನು ಎರಡು ಹಿಡಿಗಳ ಮಾತನ್ನು ಆರಿಸುತ್ತೇನೆ. ಪ್ರತಿಯೊಂದಕ್ಕೂ ಎರಡು ಹಿಡಿಗಳಿರುತ್ತವೆ. ಒಂದನ್ನು ಹಿಡಿದರೆ ಎತ್ತಬಹುದು, ಇನ್ನೊಂದನ್ನು ಹಿಡಿದರೆ ಆಗುವುದಿಲ್ಲ. ಅಣ್ಣ ಅನ್ಯಾಯ ಮಾಡಿದ ಎಂಬುದು ಎತ್ತಲಾಗದ ಹಿಡಿ. ಅವನು ಅಣ್ಣ, ಜೊತೆಯಲ್ಲಿ ಬೆಳೆದವನು ಎಂಬುದು ಎತ್ತಬಲ್ಲ ಹಿಡಿ. ಒಲೆಯ ಮೇಲಿನ ಬಾಣಲೆ ಎತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನನ್ನ ಅಣ್ಣ ದೂರದ ಊರಿನಲ್ಲಿದ್ದಾನೆ. ತಿಂಗಳಿಗೆ ಸರಿಯಾಗಿ ಹಣ ಕಳಿಸುತ್ತಾನೆ, ಬರುವುದು ಅಪರೂಪ. ಮೊದಲ ಹಿಡಿ ಕೆಂಪಗೆ ಕಾದಿದೆ, ನನಗೆ ಗೊತ್ತು. ಎರಡನೆಯದನ್ನು ಹಿಡಿಯುವುದು ಹೇಗೆಂದು ಬಹಳ ದಿನ ತಿಳಿಯಲಿಲ್ಲ. ಈಗ ಪ್ರತಿ ಶುಕ್ರವಾರ ಡಯಾಲಿಸಿಸ್ ನಡೆಯುವಾಗ ಅವನಿಗೆ ವಿಡಿಯೋ ಕರೆ ಮಾಡಿ ಫೋನನ್ನು ಅಮ್ಮನ ಕೈಗೆ ಕೊಡುತ್ತೇನೆ. ಮಾತಿಗೆ ವಿಷಯವಿಲ್ಲದೆ ಇಬ್ಬರೂ ಊಟ ಏನು, ಮಳೆ ಬಂತೇ ಎನ್ನುತ್ತಾರೆ. ಒಮ್ಮೆ ಅವನು ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕೆರೆ ಏರಿಯಿಂದ ಬಿದ್ದದ್ದನ್ನು ಹೇಳುತ್ತ ಮೂವರೂ ನಕ್ಕೆವು. ನರ್ಸ್ ಬಂದು ‘ಕೈ ಅಲ್ಲಾಡಿಸಬೇಡಿ ಅಜ್ಜಿ’ ಎಂದು ಗದರಿದರು.

ಮಕ್ಕಳೇ, ನಿಮಗೂ ಇದು ಹೊಂದುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಗೆರೆಯ ಆಚೆ, ಇವತ್ತಿನ ಒಂದು ಗಂಟೆಯ ಓದು ಈಚೆ. ಮಾತು ಬಿಟ್ಟ ಗೆಳತಿಗೂ ಎರಡು ಹಿಡಿಗಳಿವೆ. ಯಾವುದನ್ನು ಹಿಡಿಯಬಹುದೆಂದು ಹುಡುಕಿ ನೋಡಿ.

ಹಿರಿಯರಿಗೆ ಒಂದೆರಡು ಮಾತು. ಇಂಥ ಪುಸ್ತಕವನ್ನು ಕಾದಂಬರಿಯಂತೆ ಒಂದೇ ಉಸಿರಿಗೆ ಓದಬೇಡಿ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ವನ್ನು ದಿನಕ್ಕೊಂದು ಪದ್ಯದಂತೆ ಓದುವ ಅಭ್ಯಾಸ ಅನೇಕ ಮನೆಗಳಲ್ಲಿದೆ, ಇದಕ್ಕೂ ಅದೇ ಕ್ರಮ. ಒಂದು ಭಾಗ ಓದಿ, ನೋಟ್‌ಬುಕ್ಕಿನ ಗೆರೆಯ ಎರಡೂ ಬದಿಗೆ ನಿಮ್ಮ ಮನೆಯದೇ ಸಂಗತಿ ಬರೆಯಿರಿ. ಒಪ್ಪದ ಭಾಗಕ್ಕೆ ಗುರುತು ಹಾಕಿಡಿ, ಆರು ತಿಂಗಳ ಮೇಲೆ ಮತ್ತೆ ನೋಡಿ. ನೋಟ್‌ಬುಕ್ಕನ್ನು ಯಾರಿಗೂ ತೋರಿಸಬೇಕಾಗಿಲ್ಲ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟು, ಕಾಯುವವರಿಗೆ ಒಂದು ಡಬ್ಬಿ ಊಟ ತೆಗೆದುಕೊಂಡು ಹೋಗಿ. ಆ ಬೆಂಚಿನ ಮೇಲೆ ಕೂತವರ ಪರವಾಗಿ ಹೇಳುತ್ತಿದ್ದೇನೆ.